ಡೈನೀಮಾ ಹ್ಯಾಲ್ಯಾರ್ಡ್: ಸಣ್ಣ ಹಾಯಿದೋಣಿಗೆ ಬೇಕಾ?

ಬೇಕು. ಆದರೆ ದೋಣಿಯ ಎಲ್ಲ ಹಗ್ಗಕ್ಕೂ ಅಲ್ಲ.

ಹ್ಯಾಲ್ಯಾರ್ಡ್ ಅಂದರೆ ಹಾಯಿ ಮೇಲೆತ್ತುವ ಹಗ್ಗ. ನನ್ನ ಹಳೇ ಪಾಲಿಯೆಸ್ಟರ್ ಹಗ್ಗ ತೆಗೆದು, ಒಳಗೆ ಡೈನೀಮಾ (ಅಷ್ಟಾಗಿ ಹಿಗ್ಗದ, ಬಲವಾದ ಕೃತಕ ನಾರು), ಮೇಲೆ ಪಾಲಿಯೆಸ್ಟರ್ ಹೊದಿಕೆ ಇರುವ 6 ಮಿ.ಮೀ. ಹಗ್ಗ ಹಾಕಿದ್ದೇನೆ. ಮೊದಲೆಲ್ಲ ಗಾಳಿ ಜೋರಾದ ಕೂಡಲೇ ಹಗ್ಗ ಹಿಗ್ಗಿ ಹಾಯಿಯ ಮುಂದಿನ ಅಂಚಿನಲ್ಲಿ ಅಡ್ಡ ನೆರಿಗೆ ಬೀಳುತ್ತಿತ್ತು, ಹಾಯಿಯ ಉಬ್ಬು ಹಿಂದಕ್ಕೆ ಸರಿದು ದೋಣಿ ಸುಮ್ನೆ ವಾಲುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಈಗ ಎಷ್ಟು ಬಿಗಿ ಮಾಡಿ ಕಟ್ಟಿದೆನೋ ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತದೆ. ಇದೊಂದಕ್ಕೇ ಕೊಟ್ಟ ದುಡ್ಡು ವಸೂಲು.

ತೊಂದರೆ ಇಲ್ಲ ಅಂತಲ್ಲ. ಡೈನೀಮಾ ಮೈ ಜಾರು. ಹೊದಿಕೆ ಇಲ್ಲದ್ದು ತಂದರೆ ಕ್ಲೀಟ್ (ಹಗ್ಗವನ್ನು ಬಿಗಿಯಾಗಿ ಹಿಡಿದಿಡುವ ಸಾಧನ) ಸರಿಯಾಗಿ ಹಿಡಿಯುವುದಿಲ್ಲ, ಬೋಲೈನ್ ಗಂಟು ಕೂಡ ಜಾರಬಹುದು. ಗಂಟು ಹಾಕಿದರೆ ಬಲವೂ ಕಡಿಮೆಯಾಗುತ್ತದೆ, ಹಾಗಾಗಿ ತುದಿಯನ್ನು ಹೆಣೆದು ಕುಣಿಕೆ ಮಾಡಿಸುವುದೇ ವಾಸಿ. ಬಿಸಿಯೂ ಇದಕ್ಕೆ ಆಗದು, ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗುತ್ತದೆ. ಇನ್ನೊಂದು, ಮೊದಲು ತಂತಿ ಹ್ಯಾಲ್ಯಾರ್ಡ್ ಇದ್ದ ದೋಣಿಯಾದರೆ ಹಾಯಿಕಂಬದ ತುದಿಯ ರಾಟೆ ನೋಡಿ. ತಂತಿಗೆಂದು ಕೊರೆದ ಕಿರಿದಾದ ತೋಡು ಹೊಸ ಹಗ್ಗವನ್ನು ಕಚ್ಚಿ ತಿನ್ನುತ್ತದೆ. ರಾಟೆಯನ್ನೂ ಬದಲಿಸಲೇಬೇಕು.

ಮೇನ್‌ಶೀಟ್‌ಗೆ, ಅಂದರೆ ದೊಡ್ಡ ಹಾಯಿಯನ್ನು ಎಳೆದು ಸಡಿಲಿಸುವ ಹಗ್ಗಕ್ಕೆ, ಇದನ್ನು ಹಾಕಲು ಹೋಗಬೇಡಿ. ಅದನ್ನು ಇಡೀ ಹೊತ್ತು ಕೈಯಲ್ಲೇ ಹಿಡಿದಿರಬೇಕು, ಅಲ್ವಾ? ತೆಳ್ಳಗಿನ ಹಗ್ಗ ಅಂಗೈ ಕೊಯ್ಯುತ್ತದೆ. ಮೆತ್ತನೆಯ, ದಪ್ಪ ಪಾಲಿಯೆಸ್ಟರ್ ಸಾಕು. ಬಾಲ್ ಬೇರಿಂಗ್ ರಾಟೆಗೆ ಖರ್ಚು ಮಾಡುವ ಆಸೆ ಇದ್ದರೆ ಅಲ್ಲೇ ಮಾಡಿ, ಏಕೆಂದರೆ ಆ ಹಗ್ಗ ಸದಾ ಓಡುತ್ತಿರುತ್ತದೆ. ಒಮ್ಮೆ ಎಳೆದು ಕಟ್ಟಿ ಬಿಡುವ ಜಾಗದಲ್ಲಿ ಸಾದಾ ರಾಟೆಯೇ ಭಾರ ಚೆನ್ನಾಗಿ ತಡೆಯುತ್ತದೆ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ!

ಅಂದ ಹಾಗೆ, ಇದೆಲ್ಲಕ್ಕೂ ಮೊದಲು ಕಂಬ ಹಿಡಿದಿರುವ ಸ್ಟೀಲ್ ತಂತಿ ನೋಡಿ. ಟಿಶ್ಯೂ ಕಾಗದವನ್ನು ಅದರ ಉದ್ದಕ್ಕೂ ಸವರಿ, ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಎಳೆ ತುಂಡಾಗಿದೆ ಅಂತ ಅರ್ಥ. ತುದಿಯ ಫಿಟ್ಟಿಂಗ್ ಬಾಯಲ್ಲಿ ತುಕ್ಕು, ಬಿರುಕು ಕಂಡರೂ ಅಷ್ಟೇ. ಆಗ ಡೈನೀಮಾ ದುಡ್ಡು ಆ ತಂತಿಗೆ ಹೋಗಲಿ.

ಹಗ್ಗ ಕೊಳ್ಳುವಾಗ ಒಂದು ಮೀಟರ್ ಜಾಸ್ತಿ ತನ್ನಿ. ಹೊದಿಕೆ ಸವೆಯುವುದು ಕ್ಲೀಟ್ ಕಚ್ಚುವ ಒಂದೇ ಜಾಗದಲ್ಲಿ. ಕುಣಿಕೆಯ ಕಡೆ ಸ್ವಲ್ಪ ಕತ್ತರಿಸಿ ಹೊಸದಾಗಿ ಹೆಣೆದರೆ ಆ ಜಾಗ ಮುಂದೆ ಸರಿಯುತ್ತದೆ, ಹಗ್ಗ ಇನ್ನಷ್ಟು ಕಾಲ ಬರುತ್ತದೆ.