ನೀರಿನ ಪರೀಕ್ಷಾ ಕಿಟ್: ಪಾಚಿ ಅಧ್ಯಯನಕ್ಕೆ ಎಷ್ಟು ಉಪಯುಕ್ತ?

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಕೊಂಡ ಈ ಕಿಟ್‌ನಲ್ಲಿ ವಿದ್ಯುತ್ ವಾಹಕತೆ (ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಅಳೆಯುವ ಪೆನ್ ಮೀಟರ್, ಪಿಎಚ್ ಪಟ್ಟಿಗಳು ಮತ್ತು ಫಾಸ್ಫೇಟ್ (ರಂಜಕದ ಲವಣ) ಪರೀಕ್ಷೆಯ ದ್ರಾವಣಗಳಿವೆ. ಸಿಲಿಕಾ ಕವಚದ ಡಯಾಟಮ್ ಪಾಚಿಗಳನ್ನು ಸೂಕ್ಷ್ಮದರ್ಶಕದಲ್ಲಿ ಗಮನಿಸುವವರಿಗೆ ಈ ಮೂರೂ ಅಳತೆಗಳು ಬೇಕೇಬೇಕು.

ಅದಕ್ಕೆ ಸ್ಪಷ್ಟ ನಿದರ್ಶನ ದಕ್ಷಿಣ ಸಾಗರದ ಮ್ಯಾಕ್ವಾರಿ ದ್ವೀಪ. ಅಲ್ಲಿ ಸದಾ ಪಶ್ಚಿಮದಿಂದ ಬೀಸುವ ಗಾಳಿ ಕಡಲ ತುಂತುರನ್ನು ಹೊತ್ತು ತರುವುದರಿಂದ ಪಶ್ಚಿಮ ದಂಡೆಯ ಕಡೆಯ ಕೆರೆಗಳಲ್ಲಿ ಲವಣಾಂಶ ಹೆಚ್ಚು, ಪೂರ್ವಕ್ಕೆ ಹೋದಂತೆ ಕಡಿಮೆ. ಅದಕ್ಕೆ ತಕ್ಕಂತೆ ಡಯಾಟಮ್ ಪ್ರಭೇದಗಳೂ ಬದಲಾಗುತ್ತವೆ. ಕೆರೆಯ ತಳದ ಕೆಸರಿನಲ್ಲಿ ಉಳಿದ ಕವಚಗಳನ್ನು ಪರಿಶೀಲಿಸಿ ಹಿಂದಿನ ಕಾಲದ ಗಾಳಿಯ ಬಲವನ್ನು ಸಹ ವಿಜ್ಞಾನಿಗಳು ಅಂದಾಜಿಸಿದ್ದಾರೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಮೇರಿಯನ್ ದ್ವೀಪದಲ್ಲಾದರೋ ಸೀಲ್ ಮತ್ತು ಪೆಂಗ್ವಿನ್‌ಗಳ ಮಲಮೂತ್ರ ಸೇರುವ ಹೊಂಡಗಳಲ್ಲಿ ಸಾರಜನಕ, ರಂಜಕ ಹೆಚ್ಚಿ ಪಾಚಿಗಳ ಸಮುದಾಯವೇ ಬೇರೆಯಾಗುತ್ತದೆ.

ಮೀಟರ್ ಚೆನ್ನಾಗಿದೆ. 1413 ಮೈಕ್ರೋಸೀಮೆನ್ಸ್ ವಾಹಕತೆಯ ಪ್ರಮಾಣಿತ ದ್ರಾವಣದಲ್ಲಿ ಹೊಂದಿಸಿಕೊಂಡರೆ, ಬೇಸಗೆಯಲ್ಲಿ ಉಪ್ಪುನೀರು ನುಗ್ಗುವ ಅಳಿವೆಬದಿಯ ಬಾವಿಗೂ ಮುರಕಲ್ಲಿನ ನೆಲದ ಬಾವಿಗೂ ಇರುವ ಅಂತರವನ್ನು ತಕ್ಷಣ ತೋರಿಸುತ್ತದೆ. ಪಿಎಚ್ ಪಟ್ಟಿಗಳು ಮಾತ್ರ ಲವಣಾಂಶ ತೀರಾ ಕಡಿಮೆಯಿರುವ ನೀರಿನಲ್ಲಿ ನಿಧಾನವಾಗಿ ಬಣ್ಣ ತಾಳುತ್ತವೆ ಮತ್ತು ಅವುಗಳ ಫಲಿತಾಂಶವನ್ನು ಪೂರ್ತಿ ನಂಬುವಂತಿಲ್ಲ. ಫಾಸ್ಫೇಟ್ ಪರೀಕ್ಷೆಯ ಬಣ್ಣದ ಕಾರ್ಡ್ ಮಿಲಿಗ್ರಾಂ ಲೆಕ್ಕದಲ್ಲಿದೆ. ಶುದ್ಧ ಕೆರೆಗಳಲ್ಲಿ ಪಾಚಿಯ ಬೆಳವಣಿಗೆಯನ್ನು ನಿರ್ಧರಿಸುವ ರಂಜಕ ಲೀಟರಿಗೆ ಕೆಲವೇ ಮೈಕ್ರೋಗ್ರಾಂಗಳಷ್ಟಿರುವುದರಿಂದ ಆ ಕೆಲಸಕ್ಕೆ ಪ್ರಯೋಗಾಲಯವೇ ಬೇಕು. ಮೀಟರನ್ನು ಬಿಡಿಯಾಗಿ ಕೊಡುವುದಾದರೆ ಅದನ್ನಷ್ಟೇ ಕೊಳ್ಳಿ.