ಸೂಪರ್ ಟೆನಿಸ್, ಮಾರಿಯೋ ಟೆನಿಸ್, ವರ್ಚುವಾ ಟೆನಿಸ್: ಯಾವುದು ತಗೊಳ್ಳೋದು?

ಹಳೇ ಕನ್ಸೋಲಿನ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರದ) ಟೆನಿಸ್ ಗೇಮ್ ಒಂದು ಬೇಕು, ಯಾವುದು ಅಂತ ಕೇಳಿದ್ದೀರಿ. ಮೊದಲು ಹೇಳಿ, ಎಷ್ಟು ಜನ ಆಡ್ತೀರಿ?

ನಾಲ್ಕು ಜನ ಇದ್ದರೆ ಸೂಪರ್ ನಿಂಟೆಂಡೋದ ಸೂಪರ್ ಟೆನಿಸ್ (1991) ಬಿಡಿ, ಅದು ಇಬ್ಬರಿಗೆ ಮಾತ್ರ. ನಿಂಟೆಂಡೋ 64ರ ಮಾರಿಯೋ ಟೆನಿಸ್, ಡ್ರೀಮ್‌ಕಾಸ್ಟ್‌ನ ವರ್ಚುವಾ ಟೆನಿಸ್, ಎರಡೂ 2000ದವು. ಎರಡರಲ್ಲೂ ನಾಲ್ವರು ಆಡಬಹುದು.

ಕಲಿಯೋಕೆ ಸುಲಭ ವರ್ಚುವಾ. ಒಂದು ಬಟನ್ ಹೊಡೆತಕ್ಕೆ, ಇನ್ನೊಂದು ಲಾಬ್‌ಗೆ, ಅಂದರೆ ಎದುರಾಳಿಯ ತಲೆ ಮೇಲೆ ಎತ್ತರಕ್ಕೆ ಹೊಡೆಯೋಕೆ. ಗುಟ್ಟೆಲ್ಲ ಕಾಲಿನಲ್ಲಿದೆ: ಚೆಂಡು ಬೀಳುವ ಜಾಗಕ್ಕೆ ಮೊದಲೇ ಹೋಗಿ ನಿಂತು ಬಟನ್ ಒತ್ತಿದರೆ ಏಟು ಜೋರು. ತಡವಾಯಿತೋ, ಆಟಗಾರ ಡೈವ್ ಹೊಡೆದು ನೆಲಕ್ಕೆ ಬೀಳ್ತಾನೆ. ಮಾರಿಯೋದಲ್ಲಿ ಎ ಒತ್ತಿದರೆ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವ ಹೊಡೆತ), ಬಿ ಒತ್ತಿದರೆ ಸ್ಲೈಸ್ (ಹಿಂದಕ್ಕೆ ತಿರುಗುವ ಹೊಡೆತ), ಎ ಆಮೇಲೆ ಬಿ ಲಾಬ್, ಬಿ ಆಮೇಲೆ ಎ ಡ್ರಾಪ್ ಶಾಟ್ (ನೆಟ್ ದಾಟಿ ಅಲ್ಲೇ ಬೀಳುವ ಮೆಲ್ಲನೆಯ ಹೊಡೆತ). ಮಕ್ಕಳಿಗೆ ಪಾತ್ರಗಳೇ ಸಾಕು. ಮಾರಿಯೋ ಗೇಮ್‌ಗಳ ತುಂಟ ಪಾತ್ರ ವಾಲುಯಿಜಿ ಮೊದಲು ಬಂದದ್ದೇ ಇದರಲ್ಲಿ ಅಲ್ವಾ!

ಬಾಳಿಕೆಯ ವಿಷಯಕ್ಕೆ ಬಂದರೆ ನಿಂಟೆಂಡೋದ ಎರಡೂ ಯಂತ್ರಗಳ ಕಾರ್ಟ್ರಿಡ್ಜ್ (ಗೇಮ್ ಇರುವ ಪ್ಲಾಸ್ಟಿಕ್ ಡಬ್ಬಿ) ಗಟ್ಟಿ. ಡ್ರೀಮ್‌ಕಾಸ್ಟ್ ಡಿಸ್ಕ್ ಓದುವ ಯಂತ್ರ, ಅದರ ಡ್ರೈವ್ ಸವೆಯುತ್ತದೆ. ಆದರೆ 64ರ ಕಂಟ್ರೋಲರ್ ಸ್ಟಿಕ್ ಸಡಿಲವಾಗುವುದು ಮಾಮೂಲಿ. ಕೊಳ್ಳುವ ಮುಂಚೆ ಅಲ್ಲಾಡಿಸಿ ನೋಡಿ.

ಹೆಚ್ಚು ಖರ್ಚು ಬೇಡ ಅಂದರೆ, ನಿಂಟೆಂಡೋದ ಹೊಸ ಕಾಲದ ಕನ್ಸೋಲ್ ಸ್ವಿಚ್ ಇದ್ದವರಿಗೆ ನಿಂಟೆಂಡೋದ ಆನ್‌ಲೈನ್ ಚಂದಾದಲ್ಲೇ ಸೂಪರ್ ಟೆನಿಸ್ ಸಿಗುತ್ತದೆ. ಮಾರಿಯೋಗೆ ಎಕ್ಸ್‌ಪ್ಯಾನ್ಶನ್ ಪ್ಯಾಕ್ ಅನ್ನೋ ಜಾಸ್ತಿ ದುಡ್ಡಿನ ಚಂದಾ ಬೇಕು.

ಒಬ್ಬರೇ ಕೂತು ನಿಧಾನವಾಗಿ ಟೆನಿಸ್ ಕಲಿಯಬೇಕಾ? ನಾನಾದರೆ ಸೂಪರ್ ಟೆನಿಸೇ ತಗೊಳ್ತೀನಿ. ಹಾರ್ಡ್ (ಗಟ್ಟಿ ನೆಲ), ಕ್ಲೇ (ಮಣ್ಣು), ಹುಲ್ಲು, ಮೂರೂ ಅಂಗಳಗಳಲ್ಲಿ ಚೆಂಡಿನ ನಡೆ ಬೇರೆ. ಮೂಲ ಕಾರ್ಟ್ರಿಡ್ಜ್‌ನಲ್ಲಿ ಸೇವ್ ಇಲ್ಲ, ಪಾಸ್‌ವರ್ಡ್ ಬರೆದಿಡಬೇಕು. ಹತ್ತಿರ ಒಂದು ಪೆನ್ನು ಇರಲಿ.