ನಿಂಬೆ, ವಿನೆಗರ್, ಕಾಚಂಪುಳಿ, ಸೀಮೆಎಣ್ಣೆ: ಹಳೇ ಕಾರ್ಬುರೇಟರ್‌ಗೆ ಯಾವುದು ಸರಿ?

ಕೊಡಗಿನ ಸೋಮವಾರಪೇಟೆ ಕಡೆ ಮಳೆ ಹಿಡಿದರೆ ನಮ್ಮ ಯಮಹಾ ಆರ್‌ಎಕ್ಸ್ 100 ಬೈಕ್ ತಿಂಗಳುಗಟ್ಟಲೆ ಶೆಡ್ಡಿನಲ್ಲೇ. ಅಪ್ಪ ಓಡಿಸುತ್ತಿದ್ದ ಗಾಡಿ. 1996ಕ್ಕೇ ತಯಾರಿಕೆ ನಿಂತಿದೆ, ಹಾಗಾಗಿ ಅದರ ಮೂಲ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ) ಕಳೆದುಕೊಳ್ಳೋಕೆ ನನಗೆ ಮನಸ್ಸಿಲ್ಲ. ಹೋದ ಸಲ ಮಳೆ ಬಿಟ್ಟ ಮೇಲೆ ಕಿಕ್ ಹೊಡೆದರೆ ಚೋಕ್‌ನಲ್ಲಿ ಮಾತ್ರ ಸ್ಟಾರ್ಟ್, ಚೋಕ್ ಬಿಟ್ಟ ಕೂಡಲೇ ಆಫ್. ಪೈಲಟ್ ಜೆಟ್, ಅಂದರೆ ಗಾಡಿ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು, ಕಟ್ಟಿದೆ ಅಂತ ಅಲ್ಲೇ ಗೊತ್ತಾಯಿತು.

ಕಾರ್ಬುರೇಟರ್ ಕೆಳಗಿನ, ಪೆಟ್ರೋಲ್ ನಿಲ್ಲುವ ಬಟ್ಟಲು ಬಿಚ್ಚಿದರೆ ಎರಡು ಥರದ ಕೊಳೆ. ಗೋಡೆಗೆ ಬೆಲ್ಲದ ಪಾಕದ ಹಾಗೆ ಕಂದು ಅಂಟು. ಪೆಟ್ರೋಲ್ ಆರಿ, ಅದಕ್ಕೆ ಬೆರೆಸಿದ್ದ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ ಎಣ್ಣೆ) ಉಳಿದು ಆಗುವಂಥದ್ದು. ತಳದಲ್ಲಿ ಸುಣ್ಣದಂಥ ಬಿಳಿ ಪುಡಿ. ಅದು ನೀರಿನ ಕೆಲಸ. ಈಗಿನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುತ್ತೆ, ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ನಮ್ಮ ಮಳೆಗಾಲದ ಗಾಳಿ ಕೇಳಬೇಕಾ? ಈ ಎರಡು ಕೊಳೆಗೂ ಒಂದೇ ಮದ್ದು ಸಾಲದು ಅನ್ನೋದು ನನಗೆ ತಿಳಿದದ್ದು ನಾಲ್ಕನ್ನೂ ಹಾಕಿ ನೋಡಿದ ಮೇಲೆ. ಗುಜರಿಯಿಂದ ತಂದ ಎರಡು ಹಳೇ ಕಾರ್ಬುರೇಟರ್ ಮೇಲೆ ಮೊದಲು ಪ್ರಯೋಗ, ಆಮೇಲೆ ನಮ್ಮದಕ್ಕೆ. ಯಾವುದಕ್ಕೇ ಹಾಕುವ ಮುಂಚೆ ರಬ್ಬರ್ ವಾಷರ್, ಫ್ಲೋಟ್, ನೀಡಲ್ ಎಲ್ಲ ಬಿಚ್ಚಿ ಪಕ್ಕಕ್ಕಿಟ್ಟೆ.

ವಿನೆಗರ್‌ನಲ್ಲಿ ಒಂದನ್ನು ರಾತ್ರಿಯಿಡೀ ಮುಳುಗಿಸಿಟ್ಟೆ. ಬಿಳಿ ಪುಡಿ ಹೋಯಿತು, ಆದರೆ ಬಾಡಿ ಕಪ್ಪುಗಟ್ಟಿ, ಉಜ್ಜಿದರೆ ಬೆರಳಿಗೆ ಮಸಿ. ಹುಳಿ ಆ ಲೋಹವನ್ನೇ ತಿನ್ನುತ್ತೆ. ಹತ್ತು-ಹದಿನೈದು ನಿಮಿಷ ಮೀರಿ ಬಿಡಬೇಡಿ. ಕಂದು ಅಂಟು ಮಾತ್ರ ಹಾಗೇ ಇತ್ತು.

ಕಾಚಂಪುಳಿ, ಅಂದರೆ ಕೊಡಗಿನ ಅಡಿಗೆಯ ಕಪ್ಪು ಹುಳಿ, ನಮ್ಮೂರಿನವರಿಗೆ ಥಟ್ಟನೆ ಹೊಳೆಯುವಂಥದ್ದು. ಅದನ್ನು ಮೂರು ಚಮಚದಷ್ಟು ಬಿಸಿನೀರಿಗೆ ಹಾಕಿ ಹಿತ್ತಾಳೆ ಜೆಟ್‌ಗಳನ್ನು ಅದ್ದಿದೆ. ಹೊಸದರಂತೆ ಹೊಳೆದವು, ನಿಜ. ಆದರೆ ಹಣ್ಣಿನ ರಸ ಕುದಿಸಿ ಇಳಿಸಿದ ಗಟ್ಟಿ ಪದಾರ್ಥ ಅದು, ಸಣ್ಣ ತೂತಿನಲ್ಲಿ ಜಿಗುಟು ಉಳಿಯುತ್ತೆ. ಮತ್ತೆ ತೊಳೆಯೋದೇ ದೊಡ್ಡ ಕೆಲಸ. ಅಷ್ಟು ಕಷ್ಟಪಟ್ಟು ಇಳಿಸಿದ್ದು ಪಂದಿ ಕರಿಗೇ (ಹಂದಿ ಮಾಂಸದ ಸಾರಿಗೇ) ಇರಲಿ.

ಸೀಮೆಎಣ್ಣೆ ಈಗ ಸಿಗೋದೇ ಕಷ್ಟ, ಪಕ್ಕದ ತೋಟದ ಮಾವ ಅರ್ಧ ಲೀಟರ್ ಕೊಟ್ಟರು. ಒಂದು ರಾತ್ರಿ ನೆನೆಸಿ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿದರೆ ಕಂದು ಅಂಟು ಸಿಪ್ಪೆ ಸುಲಿದ ಹಾಗೆ ಬಂತು. ಬಿಳಿ ಪುಡಿಗೆ ಏನೂ ಆಗಲಿಲ್ಲ. ಪೆಟ್ರೋಲ್ ಇನ್ನೂ ಬೇಗ ಕರಗಿಸುತ್ತೆ, ಆದರೆ ಮನೆ ಒಳಗೆ, ಒಲೆ ಹತ್ತಿರ ಖಂಡಿತ ಬೇಡ.

ನನಗೆ ಜಾಸ್ತಿ ಇಷ್ಟವಾದದ್ದು ನಿಂಬೆ. ಸೀಮೆಎಣ್ಣೆ ಕೆಲಸ ಮುಗಿಸಿ, ವಾಸನೆ ಹೋಗುವ ತನಕ ಸೋಪಿನಲ್ಲಿ ತೊಳೆದು, ಆಮೇಲೆ ಹಳೇ ಪಾತ್ರೆಯಲ್ಲಿ ಎರಡು ಲೀಟರ್ ನೀರಿಗೆ ಆರು ನಿಂಬೆಹಣ್ಣು ಹಿಂಡಿ ಸಣ್ಣ ಉರಿಯಲ್ಲಿ ಇಟ್ಟೆ. ತೂತುಗಳಿಂದ ಸಣ್ಣ ಗುಳ್ಳೆ ಏಳತೊಡಗಿ, ನೀರು ಮಡ್ಡಿಯಾಯಿತು. ಹದಿನೈದು ನಿಮಿಷಕ್ಕೆ ತೆಗೆದೆ. ಬಾಡಿ ಬೆಳ್ಳಗೆ, ಕಪ್ಪಾಗಿರಲಿಲ್ಲ. ಕೂಡಲೇ ಅಡಿಗೆ ಸೋಡಾ ನೀರಿನಲ್ಲಿ ಅದ್ದಿ ಹುಳಿ ತೆಗೆದು, ಬಿಸಿನೀರಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಹೊಡೆದೆ.

ಆದರೂ ಪೈಲಟ್ ಜೆಟ್‌ನ ತೂತನ್ನು ಯಾವ ಹುಳಿಯೂ ಪೂರ್ತಿ ಬಿಡಿಸಲಿಲ್ಲ. ವೈರಿನಿಂದ ತಾಮ್ರದ ಒಂದೇ ಎಳೆ ತೆಗೆದು ಮೆಲ್ಲಗೆ ತೂರಿಸಿದೆ. ಸೂಜಿ ಹಾಕಿದರೆ ತೂತು ದೊಡ್ಡದಾಗಿ ಜೆಟ್ಟೇ ಹಾಳು. ಕಿಟಕಿಗೆ ಹಿಡಿದು ನೋಡಿದರೆ ಕೂದಲಷ್ಟು ತೂತಿನಲ್ಲಿ ಆಕಾಶ ದುಂಡಗೆ ಕಂಡಿತು. ಬಾಡಿ ಒಳಗಿನ ಕಾಣದ ದಾರಿಗಳಿಗೆ ಮಾತ್ರ ಅಂಗಡಿಯ ಸ್ಪ್ರೇ ಡಬ್ಬಿಯೇ ಬೇಕಾಯಿತು. ಅದರ ಉದ್ದ ಕೊಳವೆ ಹೋಗುವ ಜಾಗಕ್ಕೆ ಅಡಿಗೆಮನೆಯ ಯಾವ ವಸ್ತುವೂ ಹೋಗಲ್ಲ.

ಎಲ್ಲ ಜೋಡಿಸಿ, ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ಪೂರ್ತಿ ಬಿಗಿ ಮಾಡಿ ಒಂದೂವರೆ ಸುತ್ತು ಬಿಚ್ಚಿದೆ. ಎರಡನೇ ಕಿಕ್‌ಗೆ ಹಿಡಿಯಿತು, ಚೋಕ್ ಬಿಟ್ಟರೂ ನಿಲ್ಲಲಿಲ್ಲ. ಶಾಂತಳ್ಳಿ ಏರು ಹತ್ತಿ ಬಂದೆ. ಈಗ ಮೇ ಕೊನೆಗೆ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಪೆಟ್ರೋಲ್ ಪೂರ್ತಿ ಇಳಿಸಿಯೇ ಗಾಡಿಯನ್ನು ಶೆಡ್ಡಿಗೆ ತಳ್ಳುತ್ತೇನೆ.